ಪವರ್ ಇದ್ದರೆ ಸಾಲದು, ನೆಲ ಹಿಡಿಯಬೇಕು

ಚಳಿಗಾಲ ಬಂತೆಂದರೆ ಬಹರೈನ್‌ನ ಸಖೀರ್ ಮರುಭೂಮಿಯಲ್ಲಿ ಡೇರೆಗಳು ಏಳುತ್ತವೆ. ರಜೆಯ ದಿನ ಅತ್ತ ಹೋದ ನಮ್ಮವರಲ್ಲಿ ಹಲವರಿಗೆ ಒಂದು ಅನುಭವ ಆಗಿರುತ್ತದೆ. ಕಾರು ಮರಳಿಗೆ ಇಳಿಯುತ್ತದೆ, ಚಕ್ರ ಗರಗರ ತಿರುಗುತ್ತದೆ, ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಕೊನೆಗೆ ಯಾರೋ ಅನುಭವಸ್ಥರು ಬಂದು, ಮೊದಲು ಎಂಜಿನ್ ಆಫ್ ಮಾಡಿಸಿ, ಟಯರಿನ ಗಾಳಿಯನ್ನು 35ರಿಂದ 15ಕ್ಕೆ ಇಳಿಸುತ್ತಾರೆ. ಮೆಲ್ಲಗೆ ಹೊರಟ ಕಾರು ಅದೇ ಗುಂಡಿಯಿಂದ ಮೇಲೆ ಬರುತ್ತದೆ. ಎಂಜಿನ್ ಬದಲಾಗಲಿಲ್ಲ, ಶಕ್ತಿ ಒಂದಿಷ್ಟೂ ಹೆಚ್ಚಲಿಲ್ಲ. ಟಯರು ನೆಲ ಹಿಡಿಯುವ ರೀತಿ ಮಾತ್ರ ಬದಲಾಯಿತು.

ಸಲ್ಮಾಬಾದ್‌ನ ಗ್ಯಾರೇಜೊಂದರಲ್ಲಿ ಕೆಲಸ ಮಾಡುವ ಕಾರ್ಕಳ ಕಡೆಯ ಗೆಳೆಯರೊಬ್ಬರು ನಮ್ಮ ಕಟ್ಟಡದಲ್ಲೇ ಇದ್ದಾರೆ. ಹಳೆಯ ಕಾರಿಗೆ ದೊಡ್ಡ ಎಂಜಿನ್ ಹಾಕಿಸಿಕೊಂಡು, "ಓಡುತ್ತಿಲ್ಲ" ಎಂದು ವಾಪಸು ಬರುವ ಹುಡುಗರ ವಿಷಯ ಬಂದರೆ ಅವರದು ಒಂದೇ ಮಾತು: "ಪವರ್ ಉಂಟು ಮಾರಾಯ್ರೆ, ಗ್ರಿಪ್ ಇಲ್ಲ." ಈ ಒಂದು ಸಾಲಿನ ಹಿಂದೆ ಎಪ್ಪತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಅದು ಡ್ರ್ಯಾಗ್ ರೇಸಿನ ಇತಿಹಾಸ. ಅದನ್ನು ಕಟ್ಟಿದವರಲ್ಲಿ ಹೆಚ್ಚಿನವರು ನಮ್ಮಂತೆ ದುಡಿದು ಬದುಕುವವರು. ಹಗಲು ಕೆಲಸ, ಸಂಜೆ ಹಳೆಯ ಕಾರಿನ ಅಡಿಯಲ್ಲಿ ಮಲಗಿ ಸ್ಪ್ಯಾನರ್ ಹಿಡಿಯುವುದು, ಹೀಗಿತ್ತು ಅವರ ದಿನಚರಿ.

ಗಾಡಿಯವನಿಗೆ ಗೊತ್ತಿದ್ದ ಸತ್ಯ

ಡ್ರ್ಯಾಗ್ ರೇಸ್ ಎಂದರೆ ಸರಳ ಸ್ಪರ್ಧೆ. ನೇರವಾದ ರಸ್ತೆ, ಅಕ್ಕಪಕ್ಕ ಎರಡು ಕಾರು, ನಿಂತಲ್ಲಿಂದ ಓಟ. ದೂರ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್. ಮೊದಲು ತಲುಪಿದವನು ಗೆದ್ದ. ತಿರುವಿಲ್ಲ, ಬ್ರೇಕಿನ ಜಾಣ್ಮೆ ಬೇಕಿಲ್ಲ. ಕಷ್ಟವೆಲ್ಲ ಮೊದಲ ಕೆಲವು ಮೀಟರುಗಳಲ್ಲಿ. ಅಲ್ಲಿ ಚಕ್ರ ಜಾರಿದರೆ ಕಳೆದುಕೊಂಡ ಸಮಯ ಮುಂದೆ ಸಿಗುವುದಿಲ್ಲ.

ಇದನ್ನು ತಿಳಿಯಲು ನಮ್ಮೂರಿನ ಎತ್ತಿನ ಗಾಡಿಯನ್ನು ನೆನೆದರೆ ಸಾಕು. ಹೇರು ಹಿಂದಕ್ಕೆ ಬಿದ್ದರೆ ಮೂಕಿ ಮೇಲೇಳುತ್ತದೆ, ಮುಂದಕ್ಕೆ ಬಿದ್ದರೆ ಎತ್ತಿನ ಹೆಗಲು ಕುಸಿಯುತ್ತದೆ. ಏರು ಬಂದಾಗ ಗಾಡಿಯವನು ಮುಂದೆ ಸರಿದು ಮೂಕಿಯ ಮೇಲೆ ಕೂರುತ್ತಿದ್ದ, ಇಳಿಜಾರಿನಲ್ಲಿ ಹಿಂದೆ ಸರಿಯುತ್ತಿದ್ದ. ಭಾರ ಎಷ್ಟಿದೆ ಎನ್ನುವುದರ ಜೊತೆಗೆ ಅದು ಎಲ್ಲಿ ಕೂತಿದೆ ಎಂಬುದೂ ಮುಖ್ಯ ಎಂದು ಅವನಿಗೆ ಯಾರೂ ಪಾಠ ಹೇಳಿರಲಿಲ್ಲ.

ಹಳೆಯ ಕಾರುಗಳಲ್ಲಿ ಹೆಚ್ಚಿನವು ಹಿಂದಿನ ಚಕ್ರಗಳಿಂದ ಓಡುವಂಥವು. ಎಂಜಿನ್ ಮುಂದೆ, ತಳ್ಳುವ ಚಕ್ರ ಹಿಂದೆ. ಭಾರದ ದೊಡ್ಡ ಪಾಲು ಮುಂದಿರುವುದರಿಂದ ಹಿಂದಿನ ಟಯರಿನ ಮೇಲೆ ಒತ್ತಡ ಸಾಲದು. ಆದರೆ ಕಾರು ಮುನ್ನುಗ್ಗಿದಾಗ ಭಾರ ಹಿಂದಕ್ಕೆ ಸರಿಯುತ್ತದೆ. ಬಸ್ಸು ಹೊರಟಾಗ ನಿಂತವರು ಹಿಂದಕ್ಕೆ ವಾಲುವಂತೆ. ಹೀಗೆ ಸರಿಯುವ ಭಾರಕ್ಕೆ ಲೆಕ್ಕವಿದೆ: ಕಾರಿನ ತೂಕವನ್ನು ವೇಗ ಏರುವ ಪ್ರಮಾಣದಿಂದಲೂ ಗುರುತ್ವ ಕೇಂದ್ರದ ಎತ್ತರದಿಂದಲೂ ಗುಣಿಸಿ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರದಿಂದ ಭಾಗಿಸಬೇಕು. ಈ ಲೆಕ್ಕವನ್ನು ನೆನಪಿಟ್ಟುಕೊಂಡರೆ ಮುಂದಿನ ಇತಿಹಾಸ ತಾನಾಗಿ ಅರ್ಥವಾಗುತ್ತದೆ.

ಒಣ ಕೆರೆಯಿಂದ ವಿಮಾನದ ರನ್‌ವೇಗೆ

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮ್ಯೂರಾಕ್, ಎಲ್ ಮಿರಾಜ್ ಎಂಬ ಒಣಗಿದ ಕೆರೆಗಳಿವೆ. ಮೈಲಿಗಟ್ಟಲೆ ಚಪ್ಪಟೆಯಾದ ಗಟ್ಟಿ ನೆಲ. 1930ರ ದಶಕದಲ್ಲಿ ಅಲ್ಲಿನ ಯುವಕರು ಹಳೆಯ ಫೋರ್ಡ್ ಕಾರುಗಳ ಮಡ್‌ಗಾರ್ಡ್ ಕಳಚಿ, ಎಂಜಿನ್ ತಿದ್ದಿ, ಗರಿಷ್ಠ ವೇಗ ಅಳೆಯಲು ಅಲ್ಲಿಗೆ ಹೋಗುತ್ತಿದ್ದರು. ಈ ಓಟಗಳನ್ನು ನಡೆಸಲು 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿತು. ಅಲ್ಲಿ ಕಾರು ದೂರದಿಂದಲೇ ವೇಗ ಕೂಡಿಸಿಕೊಂಡು ಬರುತ್ತಿತ್ತು. ಹಾಗಾಗಿ ನಿಂತಲ್ಲಿಂದ ಹೊರಡುವಾಗ ಚಕ್ರ ಜಾರಿದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಎರಡನೇ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಮರಳಿದರು. ಅವರಲ್ಲಿ ಎಷ್ಟೋ ಮಂದಿಗೆ ಸೈನ್ಯದಲ್ಲಿ ಯಂತ್ರದ ಕೆಲಸ ಕೈಗೆ ಹತ್ತಿತ್ತು. ಹಳೆಯ ಕಾರು ಅಗ್ಗವಾಗಿ ಸಿಗುತ್ತಿತ್ತು. ಸ್ಪರ್ಧೆ ಕೆರೆಯಿಂದ ಊರೊಳಗಿನ ರಸ್ತೆಗೆ ಬಂತು. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಟ, ಅಪಘಾತ, ಪೊಲೀಸರ ಕಾಟ, ಪತ್ರಿಕೆಗಳಲ್ಲಿ ಛೀಮಾರಿ.

ಇದಕ್ಕೆ ಮದ್ದು ಹುಡುಕಿದವರಲ್ಲಿ ಮುಖ್ಯರು ವಾಲಿ ಪಾರ್ಕ್ಸ್. 1948ರಲ್ಲಿ ಆರಂಭವಾದ ಹಾಟ್ ರಾಡ್ ಪತ್ರಿಕೆಯ ಸಂಪಾದಕರಾಗಿದ್ದ ಅವರು 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದರು. ಹುಡುಗರನ್ನು ಬೈದು ಪ್ರಯೋಜನವಿಲ್ಲ, ಓಡಲು ಜಾಗ ಕೊಡಬೇಕು, ನಿಯಮ ಕೊಡಬೇಕು ಎಂಬುದು ಅವರ ನಿಲುವು. ಅದಕ್ಕೂ ಒಂದು ವರ್ಷ ಮೊದಲು, 1950ರಲ್ಲಿ, ಸಿ. ಜೆ. ಹಾರ್ಟ್ ಮತ್ತು ಜೊತೆಗಾರರು ಸಾಂಟಾ ಆನಾದ ವಿಮಾನ ನಿಲ್ದಾಣದ ರನ್‌ವೇಯೊಂದರಲ್ಲಿ ಟಿಕೆಟ್ ಇಟ್ಟು ಡ್ರ್ಯಾಗ್ ರೇಸ್ ನಡೆಸತೊಡಗಿದ್ದರು. 1955ರಲ್ಲಿ ಕ್ಯಾನ್ಸಾಸ್ ರಾಜ್ಯದ ಗ್ರೇಟ್ ಬೆಂಡ್‌ನಲ್ಲಿ ಅಸೋಸಿಯೇಷನ್‌ನ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆಯಿತು.

ಈಗ ಓಟ ನಿಂತಲ್ಲಿಂದ ಶುರು. ಒಣ ಕೆರೆಯಲ್ಲಿ ಕಾಣದಿದ್ದ ತೊಂದರೆ ರನ್‌ವೇಯ ಮೇಲೆ ಎದ್ದು ಕಂಡಿತು. ಚಕ್ರ ತಿರುಗುತ್ತದೆ, ಹೊಗೆ ಬರುತ್ತದೆ, ಕಾರು ಹೋಗುವುದಿಲ್ಲ.

ಸ್ಪ್ರಿಂಗಿಗೆ ಮೂರು ಕೆಲಸ

ಇದೇ ಹೊತ್ತಿಗೆ ಎಂಜಿನ್‌ಗಳೂ ಬೆಳೆಯುತ್ತಿದ್ದವು. 1932ರ ಫೋರ್ಡ್ ವಿ8 ಎಂಜಿನ್ನಿನ ಶಕ್ತಿ 65 ಕುದುರೆ. 1949ರ ಓಲ್ಡ್ಸ್‌ಮೊಬೈಲ್ ರಾಕೆಟ್ ವಿ8ಗೆ 135, 1951ರ ಕ್ರೈಸ್ಲರ್ ಹೆಮಿಗೆ 180. ಇಂಥ ಎಂಜಿನ್ನನ್ನು ಹಳೆಯ ಕಾರಿನ ಮೂತಿಗೆ ತೂರಿಸುವುದು ಆಗಿನ ಚಾಳಿ.

1955ರಲ್ಲಿ ಷೆವರ್ಲೆ ಕಂಪನಿ ಹೊಸ ವಿ8 ಎಂಜಿನ್‌ನ ಕಾರು ತಂದಿತು. ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ನಮ್ಮ ಲಾರಿಗಳ ಅಡಿಯಲ್ಲಿ ಕಾಣುವ, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ನಮ್ಮ ಅಂಬಾಸಡರ್ ಕಾರಿನ ಹಿಂಭಾಗವೂ ಇದೇ ಬಗೆಯದು. 1955, 56, 57ರ ಈ ಷೆವರ್ಲೆಗಳು ಅಗ್ಗದ ಹಳೆಯ ಕಾರುಗಳಾಗಿ ಮಾರುಕಟ್ಟೆಗೆ ಬಂದಾಗ ಡ್ರ್ಯಾಗ್ ರೇಸಿನವರ ಅಚ್ಚುಮೆಚ್ಚಾದವು.

ಈ ಏರ್ಪಾಡಿನಲ್ಲಿ ಲೀಫ್ ಸ್ಪ್ರಿಂಗಿಗೆ ಮೂರು ಕೆಲಸ. ಕಾರಿನ ಭಾರ ಹೊರಬೇಕು. ಚಕ್ರದ ತಳ್ಳುವಿಕೆಯನ್ನು ಕಾರಿಗೆ ದಾಟಿಸಬೇಕು. ಜೊತೆಗೆ ಆಕ್ಸಲ್ ತಾನೇ ತಿರುಚಿಕೊಳ್ಳದಂತೆ ಹಿಡಿದಿಡಬೇಕು. ಈ ಮೂರನೆಯ ಕೆಲಸದಲ್ಲೇ ಅದು ಸೋಲುತ್ತಿತ್ತು. ಚಕ್ರ ಮುಂದಕ್ಕೆ ತಿರುಗಲು ಹೊರಟಾಗ ಆಕ್ಸಲ್ ಹೌಸಿಂಗ್ ಅದಕ್ಕೆ ವಿರುದ್ಧವಾಗಿ ತಿರುಗಲು ನೋಡುತ್ತದೆ, ಅದರ ಮೂತಿ ಮೇಲೇಳುತ್ತದೆ. ಸ್ಪ್ರಿಂಗ್ ಹಾವಿನಂತೆ ಸೊಟ್ಟಗಾಗುತ್ತದೆ. ಟಯರು ಜಾರಿದ ಕೂಡಲೇ ಸ್ಪ್ರಿಂಗ್ ಸಡಿಲಗೊಂಡು ನೆಟ್ಟಗಾಗುತ್ತದೆ, ಟಯರು ನೆಲ ಹಿಡಿದರೆ ಮತ್ತೆ ತಿರುಚುತ್ತದೆ. ಹೀಗೆ ಹಿಂದಿನ ಚಕ್ರಗಳು ದಡದಡನೆ ಕುಣಿಯುವುದಕ್ಕೆ ವೀಲ್ ಹಾಪ್ ಎಂದು ಹೆಸರು. ಇದರಿಂದ ಎಷ್ಟೋ ಆಕ್ಸಲ್‌ಗಳು, ಪ್ರೊಪೆಲ್ಲರ್ ಶಾಫ್ಟ್‌ಗಳು ಮುರಿದವು.

ಗ್ಯಾರೇಜಿನವರು ಕಂಡುಕೊಂಡ ಮದ್ದು ಸರಳವಾದದ್ದು. ಸ್ಪ್ರಿಂಗಿನ ಅಡಿಯಲ್ಲಿ, ಆಕ್ಸಲ್ ಕೂರುವ ಜಾಗದಿಂದ ಮುಂದಕ್ಕೆ ಒಂದು ಗಟ್ಟಿ ಉಕ್ಕಿನ ಪಟ್ಟಿ ಕಟ್ಟುವುದು. ಅದರ ತುದಿಯಲ್ಲಿ ರಬ್ಬರಿನ ತುಂಡು. ಆಕ್ಸಲ್ ತಿರುಚಲು ಹೊರಟರೆ ಪಟ್ಟಿಯ ತುದಿ ಮೇಲೆದ್ದು ಸ್ಪ್ರಿಂಗಿನ ಮುಂದಿನ ಕಣ್ಣಿಗೆ ಬಡಿದು ನಿಲ್ಲುತ್ತದೆ. ಬಡಿಯುವುದರಿಂದ ಇದಕ್ಕೆ ಸ್ಲ್ಯಾಪರ್ ಬಾರ್ ಎಂಬ ಹೆಸರು ಬಂತು. ರಬ್ಬರು ಸರಿಯಾಗಿ ಆ ಕಣ್ಣಿನ ಕೆಳಗೇ ಬರಬೇಕು. ಹಿಂದೆ ಬಂದು ಸ್ಪ್ರಿಂಗಿನ ನಡುವೆ ಬಡಿದರೆ ಸ್ಪ್ರಿಂಗನ್ನೇ ಬಗ್ಗಿಸುತ್ತದೆ. ಇದೇ ಕುಟುಂಬದ ಟ್ರ್ಯಾಕ್ಷನ್ ಮಾಸ್ಟರ್ ಎಂಬ ಬಾರ್‌ಗಳನ್ನು 1965ರ ಶೆಲ್ಬಿ ಜಿಟಿ350 ಮಸ್ಟಾಂಗ್ ಕಾರಿಗೆ ತಯಾರಕರೇ ಅಳವಡಿಸಿ ಮಾರಿದರು. ಬೀದಿ ಗ್ಯಾರೇಜಿನ ಉಪಾಯ ಹತ್ತು ವರ್ಷದೊಳಗೆ ಷೋರೂಮಿನ ಕಾರಿಗೇ ಬಂದಿತ್ತು.

ಎತ್ತರದ ಪ್ಲಿಮತ್

ಇನ್ನೊಂದು ಕಡೆ ಡೆಟ್ರಾಯಿಟ್‌ನಲ್ಲಿ, ಕ್ರೈಸ್ಲರ್ ಕಂಪನಿಯ ಕೆಲವು ಯುವ ಎಂಜಿನಿಯರ್‌ಗಳು ರಾಮ್‌ಚಾರ್ಜರ್ಸ್ ಎಂಬ ಕ್ಲಬ್ ಕಟ್ಟಿಕೊಂಡಿದ್ದರು. ಆಫೀಸಿನ ಕೆಲಸ ಮುಗಿದ ಮೇಲೆ ಅವರು ಕೈ ಹಾಕಿದ್ದು 1949ರ ಒಂದು ಹಳೆಯ ಪ್ಲಿಮತ್ ಕಾರಿಗೆ. 1959ರ ಹೊತ್ತಿಗೆ ರೇಸಿಗೆ ಬಂದ ಆ ಕಾರನ್ನು ಕಂಡು ಜನ ನಕ್ಕಿರಬೇಕು. ಕಾರಿನ ಮೈ ಚಕ್ರಗಳಿಂದ ಬಹಳ ಮೇಲೆ, ಕೋಲು ಕಟ್ಟಿಕೊಂಡು ನಡೆಯುವವರಂತೆ ನಿಂತಿತ್ತು. ಹೆಸರೂ ಹೈ ಅಂಡ್ ಮೈಟಿ.

ಅವರು ಮಾಡಿದ್ದು ಮೇಲೆ ಹೇಳಿದ ಲೆಕ್ಕವೇ. ಉದಾಹರಣೆಗೆ 1600 ಕಿಲೋ ತೂಕದ, ಚಕ್ರಗಳ ಅಂತರ 2.92 ಮೀಟರ್ ಇರುವ ಒಂದು ಕಾರು ಇಟ್ಟುಕೊಳ್ಳಿ. ಅದರ ಗುರುತ್ವ ಕೇಂದ್ರ ನೆಲದಿಂದ 55 ಸೆಂಟಿಮೀಟರ್ ಎತ್ತರದಲ್ಲಿದ್ದು, ಕಾರು ಭೂಮಿಯ ಗುರುತ್ವದ ಅರ್ಧದಷ್ಟು ಜೋರಿನಲ್ಲಿ ಮುನ್ನುಗ್ಗಿದರೆ ಸುಮಾರು 150 ಕಿಲೋ ಭಾರ ಮುಂದಿನಿಂದ ಹಿಂದಕ್ಕೆ ಸರಿಯುತ್ತದೆ. ಆ ಕೇಂದ್ರವನ್ನು 70 ಸೆಂಟಿಮೀಟರಿಗೆ ಏರಿಸಿದರೆ ಸರಿಯುವ ಭಾರ ಸುಮಾರು 190 ಕಿಲೋ. ಡಿಕ್ಕಿಯಲ್ಲಿ ಒಂದು ಮೂಟೆಯನ್ನೂ ಹೇರದೆ ಹಿಂದಿನ ಟಯರಿಗೆ 40 ಕಿಲೋ ಒತ್ತಡ ಹೆಚ್ಚಾಯಿತು.

ಗ್ಯಾಸರ್ ಎಂದು ಕರೆಯಲಾಗುತ್ತಿದ್ದ ಕಾರುಗಳದ್ದೂ ಇದೇ ದಾರಿ. ಅಮೆರಿಕದಲ್ಲಿ ಪೆಟ್ರೋಲಿಗೆ ಗ್ಯಾಸ್ ಎನ್ನುತ್ತಾರೆ, ಪಂಪಿನ ಪೆಟ್ರೋಲಿನಲ್ಲಿ ಓಡುವವು ಗ್ಯಾಸರ್. ಅವುಗಳಲ್ಲಿ ಹೆಸರಾದದ್ದು 1941ರ ವಿಲ್ಲೀಸ್ ಕಾರು. ಹೌದು, ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿ ಓಡಾಡಿದ ಜೀಪಿನ ಅದೇ ವಿಲ್ಲೀಸ್. ಹಗುರವಾದ ಆ ಪುಟ್ಟ ಕಾರಿನ ಮುಂಭಾಗಕ್ಕೆ ಜೀಪಿನಂತೆ ಅಡ್ಡಲಾಗಿ ಒಂದೇ ಆಕ್ಸಲ್ ಹಾಕಿ, ಮೂತಿಯನ್ನು ಎತ್ತಿ ನಿಲ್ಲಿಸುತ್ತಿದ್ದರು.

ಲೆಕ್ಕದಲ್ಲಿರುವ ಇನ್ನೊಂದು ಅಂಶ ಚಕ್ರಗಳ ಜಾಗ. 1965ರಲ್ಲಿ ಕ್ರೈಸ್ಲರ್ ಕೆಲವು ಡಾಡ್ಜ್, ಪ್ಲಿಮತ್ ಕಾರುಗಳ ಹಿಂದಿನ ಆಕ್ಸಲನ್ನು 15 ಇಂಚು, ಮುಂದಿನ ಚಕ್ರಗಳನ್ನು 10 ಇಂಚು ಮುಂದಕ್ಕೆ ಸರಿಸಿತು. ಕಾರಿನ ಮೈ ಹಿಂದೆ ಉಳಿಯಿತು, ಹಿಂದಿನ ಚಕ್ರ ಭಾರದ ಅಡಿಗೇ ಬಂತು. ನೋಡಲು ವಿಚಿತ್ರವಾಗಿದ್ದ ಇವನ್ನು ಜನ ಫನ್ನಿ ಕಾರ್ ಎಂದರು. ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ತನ್ನ ಸ್ಟಾಕ್ ವರ್ಗಗಳಿಗೆ ಇವನ್ನು ಸೇರಿಸಲಿಲ್ಲ. ಆದರೆ ಹೆಸರು ಉಳಿಯಿತು, ಇಂದಿಗೂ ಫನ್ನಿ ಕಾರ್ ಎಂಬ ದೊಡ್ಡ ವರ್ಗವೇ ಇದೆ.

ಬಲಗಾಲು ಎತ್ತುವ ಕಾರು

ಆಕ್ಸಲ್ ತಿರುಚುವುದನ್ನು ತಡೆದರೂ ಬಲ ಹಿಂದಿನ ಟಯರು ಮಾತ್ರ ಎಡಗಡೆಯದಕ್ಕಿಂತ ಬೇಗ ಜಾರುತ್ತಿತ್ತು. ಕಾರಣ ಹೀಗೆ: ತಿರುಗುವ ಪ್ರೊಪೆಲ್ಲರ್ ಶಾಫ್ಟ್ ಇಡೀ ಆಕ್ಸಲನ್ನೂ ತನ್ನ ಜೊತೆ ಹೊರಳಿಸಲು ನೋಡುತ್ತದೆ. ಆಗ ಎಡಚಕ್ರ ನೆಲಕ್ಕೆ ಒತ್ತಿಕೊಳ್ಳುತ್ತದೆ, ಬಲಚಕ್ರ ಹಗುರಾಗುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಕಡೆಗೆ ಸಮನಾಗಿ ಬಲ ಹಂಚುವುದರಿಂದ, ಹಗುರಾದ ಚಕ್ರ ಎಷ್ಟು ಹಿಡಿಯಬಲ್ಲದೋ ಇನ್ನೊಂದಕ್ಕೂ ಅಷ್ಟೇ ಸಿಗುತ್ತದೆ.

ಇದಕ್ಕೆ ಸಣ್ಣ ಸಣ್ಣ ಮದ್ದುಗಳು ಬಂದವು. ಬ್ಯಾಟರಿಯನ್ನು ಬಾನೆಟ್ಟಿನಿಂದ ತೆಗೆದು ಡಿಕ್ಕಿಯ ಬಲಮೂಲೆಗೆ ಇಡುವುದು. ಕಾಯಿಲ್ ಸ್ಪ್ರಿಂಗ್ ಇರುವ ಕಾರಿನಲ್ಲಿ ಬಲಬದಿಯ ಸ್ಪ್ರಿಂಗಿನೊಳಗೆ ಗಾಳಿಚೀಲ ಇಡುವುದು. ಕ್ರೈಸ್ಲರ್ ತನ್ನ ಸೂಪರ್ ಸ್ಟಾಕ್ ರೇಸಿನವರಿಗೆಂದೇ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಲೀಫ್ ಸ್ಪ್ರಿಂಗ್ ಮಾಡಿತು, ಬಲಗಡೆಯದು ಹೆಚ್ಚು ಗಟ್ಟಿ. ಅದರಲ್ಲಿ ಆಕ್ಸಲ್ ನಡುಮಧ್ಯದಲ್ಲಿ ಕೂರದೆ ಮುಂದಕ್ಕೆ ಸರಿದಿರುತ್ತದೆ. ಗಿಡ್ಡಗಾದ ಮುಂಭಾಗ ಬಿಗಿಯಾಗಿದ್ದು ತಿರುಚುವಿಕೆಯನ್ನು ತಡೆಯುತ್ತದೆ, ಉದ್ದನೆಯ ಹಿಂಭಾಗ ಮೆತ್ತಗೆ ಬಗ್ಗುತ್ತದೆ. ಸ್ಲ್ಯಾಪರ್ ಬಾರ್ ಹೊರಗಿನಿಂದ ಮಾಡಿದ್ದನ್ನು ಇಲ್ಲಿ ಸ್ಪ್ರಿಂಗೇ ಮಾಡಿತು.

ಮುಂಭಾಗದಲ್ಲೂ ಬದಲಾವಣೆ ಬಂತು. 90/10 ಎಂಬ ಶಾಕ್ ಅಬ್ಸಾರ್ಬರ್ ಸುಲಭವಾಗಿ ಉದ್ದವಾಗುತ್ತದೆ, ಆದರೆ ನಿಧಾನವಾಗಿ ಕುಗ್ಗುತ್ತದೆ. ಕಾರು ಹೊರಟಾಗ ಮೂತಿ ಚಕ್ಕನೆ ಏಳುತ್ತದೆ, ಮೆಲ್ಲಗೆ ಇಳಿಯುತ್ತದೆ. ಮೂತಿ ಎದ್ದರೇ ಭಾರ ಹಿಂದೆ ಹೋಗುತ್ತದೆ ಎಂದು ಹಲವರು ತಿಳಿಯುತ್ತಾರೆ. ಅದು ಪೂರ್ತಿ ನಿಜವಲ್ಲ. ಎಷ್ಟು ಭಾರ ಸರಿಯಬೇಕೆಂದು ತೀರ್ಮಾನಿಸುವುದು ತೂಕ, ಎತ್ತರ, ಅಂತರ ಮತ್ತು ಮುನ್ನುಗ್ಗುವ ಜೋರು. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್‌ಗಳ ಕೈಯಲ್ಲಿರುವುದು ಮುಖ್ಯವಾಗಿ ಆ ಭಾರ ಟಯರಿಗೆ ಯಾವಾಗ, ಎಷ್ಟು ಬೇಗ, ಎಷ್ಟು ಹದವಾಗಿ ತಲುಪಬೇಕು ಎಂಬುದು.

ಮದ್ದು ಹೆಚ್ಚಾದರೆ

ಇಲ್ಲಿಗೆ ಕಥೆ ಒಂದು ತಿರುವು ಪಡೆಯಿತು. ಅದಕ್ಕೆ ಕಾರಣ ಟಯರು. ಮೊದಲು ಸವೆದ ಟಯರಿಗೆ ಹೂವಿಲ್ಲದ ರಬ್ಬರು ಹಾಕಿಸಿ ಓಡಿಸುತ್ತಿದ್ದರು. 1950ರ ದಶಕದಲ್ಲೇ ಎಂ ಅಂಡ್ ಎಚ್‌ನಂಥ ಕಂಪನಿಗಳು ಡ್ರ್ಯಾಗ್ ರೇಸಿಗೆಂದೇ ಮೆತ್ತನೆಯ ಸ್ಲಿಕ್ ಟಯರು ಮಾಡತೊಡಗಿದವು. 1960ರ ದಶಕದಲ್ಲಿ ಪಕ್ಕದ ಗೋಡೆ ಸುಕ್ಕುಗಟ್ಟುವ, ಕಡಿಮೆ ಗಾಳಿಯಲ್ಲಿ ಓಡುವ ಟಯರು ಬಂತು. ಸಖೀರಿನ ಮರಳಿನಲ್ಲಿ ನಾವು ಗಾಳಿ ಇಳಿಸುವುದಕ್ಕೆ ಅದು ದೂರದ ನೆಂಟ.

ಟಯರು ಸುಧಾರಿಸಿದಂತೆ ಕಾರು ಮುನ್ನುಗ್ಗುವ ಜೋರು ಹೆಚ್ಚಿತು. ಲೆಕ್ಕದ ಪ್ರಕಾರ ಸರಿಯುವ ಭಾರವೂ ಹೆಚ್ಚಿತು. ಕೊನೆಗೆ ಮುಂದಿನ ಚಕ್ರಗಳು ಗಾಳಿಗೆ ಏಳತೊಡಗಿದವು. ಮುಂದಿನ ಚಕ್ರ ನೆಲ ಬಿಟ್ಟಿತು ಎಂದರೆ ಇಡೀ ಕಾರಿನ ಭಾರ ಹಿಂದಿನ ಟಯರಿನ ಮೇಲೆ ಬಂದಾಯಿತು, ಇನ್ನು ಸರಿಯಲು ಏನೂ ಉಳಿದಿಲ್ಲ. ಅದಕ್ಕಿಂತ ಮೇಲೆದ್ದ ಪ್ರತಿ ಇಂಚೂ ವ್ಯರ್ಥ, ಸ್ಟಿಯರಿಂಗ್ ಇಲ್ಲದ ಅಪಾಯ ಬೇರೆ. ನಾನು ಔಷಧದ ಜೊತೆ ಬದುಕುವವನು. ನಮ್ಮಲ್ಲೂ ಹೀಗೆಯೇ. ಒಂದು ಪ್ರಮಾಣದವರೆಗೆ ಮದ್ದು, ಅದನ್ನು ದಾಟಿದರೆ ವಿಷ.

ಆದ್ದರಿಂದ ಎತ್ತರದ ಕಾರುಗಳು ಮತ್ತೆ ನೆಲಕ್ಕೆ ಇಳಿದವು. ಹೈ ಅಂಡ್ ಮೈಟಿ ತಪ್ಪು ಮಾಡಿತ್ತು ಎಂದಲ್ಲ. ಆಗಿನ ಟಯರಿಗೆ ಅದೇ ಸರಿಯಾದ ಮದ್ದು. ರೋಗ ಬದಲಾದಾಗ ಮದ್ದೂ ಬದಲಾಯಿತು. ಆಕ್ಸಲನ್ನು ಹಿಡಿಯಲು ಏಣಿಯ ಆಕಾರದ ಲ್ಯಾಡರ್ ಬಾರ್, ಮುಂದೆ 1970ರ ದಶಕದ ಪ್ರೊ ಸ್ಟಾಕ್ ಕಾರುಗಳ ಕಾಲದಲ್ಲಿ ನಾಲ್ಕು ಸರಳುಗಳ ಫೋರ್ ಲಿಂಕ್ ಬಳಕೆಗೆ ಬಂದವು. ಫೋರ್ ಲಿಂಕ್‌ನಲ್ಲಿ ಸರಳಿನ ತುದಿಯ ಬೋಲ್ಟನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಬದಲಿಸಿ, ಚಕ್ರದ ತಳ್ಳುವಿಕೆ ಕಾರಿನ ಮೈಯನ್ನು ಯಾವ ಜಾಗದಲ್ಲಿ ಎತ್ತಬೇಕೆಂದು ಹೊಂದಿಸಬಹುದು. ಒಂದೇ ತೂತಿನ ವ್ಯತ್ಯಾಸದಿಂದ ಕಾರು ನೆಲ ಕಚ್ಚಬಹುದು, ಇಲ್ಲವೇ ಜಾರಬಹುದು.

ಎಲ್ಲಕ್ಕಿಂತ ವೇಗದ ಟಾಪ್ ಫ್ಯೂಯಲ್ ಕಾರುಗಳಲ್ಲಿ ಸ್ಪ್ರಿಂಗೇ ಇಲ್ಲ. ಉದ್ದನೆಯ ಬಳುಕುವ ಚೌಕಟ್ಟು ಮತ್ತು ದೊಡ್ಡ ಟಯರುಗಳೇ ಆ ಕೆಲಸ ಮಾಡುತ್ತವೆ. ಆದರೆ ಲೀಫ್ ಸ್ಪ್ರಿಂಗಿನ ಹಳೆಯ ಕಾರು ಇರುವವರೆಗೂ, ಸ್ಲ್ಯಾಪರ್ ಬಾರ್ ಕಟ್ಟುವ ಗ್ಯಾರೇಜು ಇದ್ದೇ ಇರುತ್ತದೆ.

ನಮ್ಮ ಮರಳಿನ ನಾಡಿನಲ್ಲಿ

ಈ ಕ್ರೀಡೆ ಕೊಲ್ಲಿಗೂ ಬಂದು ಬೇರೂರಿದೆ. ಕತಾರ್‌ನ ಅಲ್-ಅನ್ನಾಬಿ ತಂಡ ಅಮೆರಿಕಕ್ಕೇ ಹೋಗಿ 2010, 2011 ಮತ್ತು 2013ರಲ್ಲಿ ಟಾಪ್ ಫ್ಯೂಯಲ್ ಚಾಂಪಿಯನ್‌ಶಿಪ್ ಗೆದ್ದಿತು. 2004ರಲ್ಲಿ ಆರಂಭವಾದ ನಮ್ಮ ಸಖೀರಿನ ಬಹರೈನ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ ಡ್ರ್ಯಾಗ್ ಓಟಕ್ಕೆಂದೇ ನೇರ ಹಾದಿಯಿದೆ. ಹಿಂದೆ ಗಟ್ಟಿ ಆಕ್ಸಲ್ ಇರುವ ಹಳೆಯ ನಿಸ್ಸಾನ್ ಪಟ್ರೋಲ್‌ಗಳನ್ನು ತಿದ್ದುವ ಗ್ಯಾರೇಜುಗಳಲ್ಲಿ ನಮ್ಮ ಕರಾವಳಿಯ ಕೈಗಳೂ ದುಡಿಯುತ್ತಿವೆ.

ಆದರೆ ಒಂದು ಮಾತು ಹೇಳದೆ ಮುಗಿಸಲಾರೆ. ನೇರ ಓಟಕ್ಕೆ ಹದಗೊಳಿಸಿದ ಹಳೆಯ ಕಾರು ಸಾಮಾನ್ಯ ರಸ್ತೆಗೆ ಯೋಗ್ಯವಲ್ಲ. ಚಕ್ಕನೆ ಎದ್ದು ನಿಧಾನಕ್ಕೆ ಇಳಿಯುವ ಮೂತಿ, ಕಳಚಿಟ್ಟ ಮುಂದಿನ ಸ್ವೇ ಬಾರ್, ಹೂವಿಲ್ಲದ ಟಯರು, ಎಡಬಲ ಬೇರೆ ಬೇರೆ ಬಿಗಿಯಿರುವ ಸ್ಪ್ರಿಂಗು. ಇವು 402 ಮೀಟರ್ ನೇರ ಹಾದಿಯಲ್ಲಿ ಗುಣ, ಮಳೆ ಬಿದ್ದ ಫ್ಲೈಓವರಿನ ತಿರುವಿನಲ್ಲಿ ಯಮ. ರಾತ್ರಿ ಪಾಳಿಯಲ್ಲಿ ತುರ್ತು ವಿಭಾಗದಿಂದ ಒಂದರ ಹಿಂದೊಂದು ನೋವಿನ ಇಂಜೆಕ್ಷನ್, ಸಲೈನ್‌ಗೆ ಚೀಟಿ ಬಂದಾಗ ಅದರಲ್ಲಿ ಬರೆದ ವಯಸ್ಸನ್ನು ನಾನು ನೋಡುತ್ತೇನೆ. 19, 22, 24. ಹೆಚ್ಚು ಕೇಳಬೇಕಾಗಿಲ್ಲ.

ವಾಲಿ ಪಾರ್ಕ್ಸ್ ಮತ್ತು ಅವರ ಗೆಳೆಯರು ಸ್ಲ್ಯಾಪರ್ ಬಾರ್‌ಗಿಂತ, ಸ್ಲಿಕ್ ಟಯರಿಗಿಂತ ಮೊದಲು ಮಾಡಿದ ಕೆಲಸವೆಂದರೆ ಓಟವನ್ನು ರಸ್ತೆಯಿಂದ ಹೊರಗೆ ತಂದದ್ದು. ಉಳಿದ ತಿದ್ದುಪಡಿಗಳೆಲ್ಲ ಅದರ ನಂತರ. ಈ ಸಲ ಸಖೀರಿನಲ್ಲಿ ಡ್ರ್ಯಾಗ್ ರೇಸ್ ನಡೆಯುವಾಗ ನಿಮ್ಮ ಮನೆಯ ಹುಡುಗನನ್ನು ಕರೆದುಕೊಂಡು ಹೋಗಿ. ಬೇಲಿಯ ಹತ್ತಿರ ನಿಂತು, ಸಾಧ್ಯವಾದರೆ ಹಿಂದಿನ ಚಕ್ರದ ಕಡೆಗೆ ಕಣ್ಣಿಡಿ. ದೀಪ ಹಸಿರಾದ ಕ್ಷಣದಲ್ಲಿ ಭಾರ ಹಿಂದೆ ಸರಿದು ಟಯರು ನೆಲ ಕಚ್ಚುವುದು ಬರಿಗಣ್ಣಿಗೆ ಕಾಣುತ್ತದೆ. ಅಷ್ಟು ಕಂಡರೆ ಆ ಕಾರ್ಕಳದ ಗೆಳೆಯರ ಮಾತು ಅವನಿಗೂ ಅರ್ಥವಾಗುತ್ತದೆ.